ಗುಟ್ಟು ಯಾರಿಂದ?

ಚಿಕ್ಕಜಾಲದ ನಮ್ಮ ಸಭೆಯಲ್ಲಿ ಅಂಗಡಿಕಾರರೊಬ್ಬರು ಎದ್ದು, "ಬಾಂಬಿನ ಗುಟ್ಟು ನಮಗೇಕೆ ಸ್ವಾಮಿ? ಸರಕಾರವೇ ಇಟ್ಟುಕೊಳ್ಳಲಿ" ಎಂದರು. ಮಾತು ನ್ಯಾಯವಾದದ್ದೇ. ಬಾಂಬು ಕಟ್ಟುವ ವಿವರ ಬೀದಿಗೆ ಬರಲೆಂದು ನಾವೂ ಕೇಳುವುದಿಲ್ಲ. ಆ ಒಂದು ಗುಟ್ಟಿನ ಮರೆಯಲ್ಲಿ ಇನ್ನೇನನ್ನು ಬಚ್ಚಿಡಲಾಗುತ್ತಿದೆ ಎಂಬುದೇ ನಮ್ಮ ಪ್ರಶ್ನೆ.

ಪ್ರಶ್ನೆ ಹೊಸದಲ್ಲ. 1948ರಲ್ಲಿ ಅಣುಶಕ್ತಿ ಮಸೂದೆ ಸಂವಿಧಾನ ಸಭೆಯ ಮುಂದೆ ಬಂದಾಗ ಮೈಸೂರಿನ ಪ್ರತಿನಿಧಿ ಎಸ್. ವಿ. ಕೃಷ್ಣಮೂರ್ತಿ ರಾಯರು ಕೇಳಿದರು: ಬ್ರಿಟನ್ನಿನಲ್ಲಿ ಗೋಪ್ಯತೆ ರಕ್ಷಣಾ ಕಾರ್ಯಕ್ಕೆ ಮಾತ್ರ; ನಮ್ಮಲ್ಲಿ ಶಾಂತಿಯ ಸಂಶೋಧನೆಗೂ ಅದೇಕೆ? ಎರಡನ್ನೂ ಬೇರ್ಪಡಿಸುವುದು ಹೇಗೆಂದು ತಮಗೆ ತಿಳಿಯದೆಂದು ಪ್ರಧಾನಿ ನೆಹರೂ ಉತ್ತರಿಸಿದರು. ಮಸೂದೆ ಪಾಸಾಯಿತು. 1962ರ ಕಾಯಿದೆಯ 18ನೆಯ ಕಲಮು ಅಣುಸ್ಥಾವರಗಳ ಮಾಹಿತಿಯನ್ನು ತಡೆಹಿಡಿಯುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿತು. 2025ರ ಡಿಸೆಂಬರಿನಲ್ಲಿ ಅದರ ಬದಲು ಬಂದ ಹೊಸ ಕಾಯಿದೆ ಖಾಸಗಿ ಬಂಡವಾಳಗಾರರಿಗೆ ಬಾಗಿಲು ತೆರೆಯಿತು. ಮಾಹಿತಿಗೆ ಹಾಕಿದ ಬೀಗ ಮಾತ್ರ ಉಳಿಯಿತು.

ಬಾಂಬಿನ ಗುಟ್ಟಾದರೂ ಈ ಬೀಗದಿಂದ ಉಳಿದೀತೆ? 1979ರಲ್ಲಿ ಅಮೆರಿಕದ ಸರಕಾರ ಹೈಡ್ರೋಜನ್ ಬಾಂಬಿನ ಲೇಖನವೊಂದನ್ನು ತಡೆಯಲು 'ಪ್ರೋಗ್ರೆಸಿವ್' ಎಂಬ ಸಣ್ಣ ಮಾಸಪತ್ರಿಕೆಯ ಮೇಲೆ ಕೋರ್ಟಿನಿಂದ ತಡೆಯಾಜ್ಞೆ ತಂದಿತು. ಬರೆದವನು ಗೂಢಚಾರನಲ್ಲ, ಎಲ್ಲರಿಗೂ ಸಿಗುವ ಬರಹಗಳಿಂದ, ತಜ್ಞರನ್ನು ಕಂಡು ಕೇಳಿ ತಿಳಿದದ್ದರಿಂದ ಕೂಡಿಸಿದ್ದನು. ಆರು ತಿಂಗಳಲ್ಲಿ ಸರಕಾರವೇ ದಾವೆ ಕೈಬಿಟ್ಟಿತು. ಲೇಖನ ಅಚ್ಚಾಯಿತು.

ಹಾಗಾದರೆ ಗುಟ್ಟು ಯಾರಿಂದ? 2009ರ ನವೆಂಬರಿನಲ್ಲಿ ನಮ್ಮ ಕೈಗಾ ಸ್ಥಾವರದಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಇದ್ದ ಭಾರಜಲ ಬೆರೆತು ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೈ ಸೇರಿತು. ಮೂತ್ರ ಪರೀಕ್ಷೆಯಿಂದ ಒಳಗಿನವರಿಗೆ ಗೊತ್ತಾಯಿತು. ನಾಡಿಗೆ ಸುದ್ದಿ ಮುಟ್ಟಿದ್ದು ಕೆಲವು ದಿನ ಕಳೆದ ಮೇಲೆ. ಚಳ್ಳಕೆರೆಯ ಸೀಮೆಯಲ್ಲಿ ಅಣುಶಕ್ತಿ, ರಕ್ಷಣಾ ಸಂಸ್ಥೆಗಳಿಗೆ ಸಾವಿರಾರು ಎಕರೆ ಅಮೃತಮಹಲ್ ಕಾವಲು ಹೋಯಿತು. ಹಳ್ಳಿಗರಿಗೆ ತಿಳಿದದ್ದು ಕೆಲಸ ಶುರುವಾದ ಮೇಲೆ. ಕುರಿಗಾಹಿಗೆ ತನ್ನ ಹುಲ್ಲುಗಾವಲಿನ ಸುದ್ದಿ ತಿಳಿದರೆ ಯಾವ ಶತ್ರುದೇಶ ಬಾಂಬು ಕಟ್ಟಲು ಕಲಿತೀತು?

ಅಂಗಡಿಯ ತಕ್ಕಡಿ ಪರೀಕ್ಷಿಸಲು ಸರಕಾರದ ಇನ್‌ಸ್ಪೆಕ್ಟರು ಬರುತ್ತಾರೆ. ಗಿರಣಿಯ ಬಾಯ್ಲರಿಗೂ ತಪಾಸಣೆಯುಂಟು. ಸರಕಾರದ ತಕ್ಕಡಿಯನ್ನು ನೋಡುವವರು ಯಾರು?

ನಮ್ಮ ಬೇಡಿಕೆ ಇಷ್ಟೇ: ಆಯುಧದ ನಕ್ಷೆಗೆ ಒಂದು ಬೀಗವಿರಲಿ. ಕಾರ್ಮಿಕನ ಮೈಗೆ ತಗುಲಿದ ವಿಕಿರಣದ ಲೆಕ್ಕ, ಅಪಘಾತದ ವರದಿ, ಜಮೀನು ಮತ್ತು ಹಣದ ಲೆಕ್ಕ ಬಯಲಿನಲ್ಲಿರಲಿ. ಕೃಷ್ಣಮೂರ್ತಿ ರಾಯರ ಪ್ರಶ್ನೆಗೆ ಉತ್ತರ ಇನ್ನೂ ಬಾಕಿಯಿದೆ. ಮತ ಕೇಳಲು ಬಂದವರನ್ನು, ಬಂಧುಗಳೇ, ನೀವೇ ಕೇಳಿರಿ.