ಓದಿದ್ದಕ್ಕೆ ಲೆಕ್ಕವೆಲ್ಲಿ?

ಗ್ರಂಥಾಲಯದಿಂದ ಮನೆಗೊಯ್ದ ಪುಸ್ತಕಕ್ಕೆ ಲೆಕ್ಕವುಂಟು. ಅಲ್ಲಿಯೇ ಕುಳಿತು ಓದಿದ ನಿಯತಕಾಲಿಕಕ್ಕೆ ಸಾಮಾನ್ಯವಾಗಿ ಲೆಕ್ಕವಿಲ್ಲ. ವಿಜ್ಞಾನ ಪತ್ರಿಕೆಗಳನ್ನು ಅನೇಕ ಗ್ರಂಥಾಲಯಗಳು ಹೊರಗೆ ಕೊಡುವುದಿಲ್ಲ. ಆದುದರಿಂದ ನೂರು ಮಂದಿ ಓದಿದ ಸಂಪುಟವೂ ದಾಖಲೆಯ ದೃಷ್ಟಿಯಲ್ಲಿ ಯಾರೂ ಮುಟ್ಟದ ಸಂಪುಟವೇ. ಹಣ ಸಾಲದೆ ಬಂದಾಗ ಯಾವ ಪತ್ರಿಕೆಯ ಚಂದಾ ನಿಲ್ಲಿಸಬೇಕೆಂಬ ಪ್ರಶ್ನೆ ಏಳುತ್ತದೆ. ಆಗ ಬರಿಯ ಊಹೆಯನ್ನು ನಂಬಿ ತೀರ್ಮಾನಿಸುವುದು ಸರಿಯೆ? ಅಳೆಯದೆ ಕತ್ತರಿಸಬಾರದೆಂಬುದು ನಮ್ಮ ವಾದ.

ಅಳೆಯುವ ಸಾಧನ ನಮಗೆ ಹೊಸದಲ್ಲ. ಅಂಗಡಿಯ ಸಾಮಾನುಗಳ ಮೇಲೆ ದಿನವೂ ಕಾಣುವ ಬಾರ್‌ಕೋಡೇ ಅದು. ವುಡ್‌ಲ್ಯಾಂಡ್ ಮತ್ತು ಸಿಲ್ವರ್ ಎಂಬ ಇಬ್ಬರು ಅಮೆರಿಕನ್ನರಿಗೆ 1952ರಲ್ಲಿ ಇದರ ಪೇಟೆಂಟ್ ದೊರೆಯಿತು. ತತ್ತ್ವ ಸರಳವಾದುದು. ಕಪ್ಪು ಗೆರೆ ತನ್ನ ಮೇಲೆ ಬಿದ್ದ ಬೆಳಕನ್ನು ಹೀರಿಕೊಳ್ಳುತ್ತದೆ; ಬಿಳಿಯ ಎಡೆ ಅದನ್ನು ಹಿಂದಿರುಗಿಸುತ್ತದೆ. ಹಿಂದಿರುಗಿದ ಬೆಳಕು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡುತ್ತದೆ. ಆ ಏರಿಳಿತದಿಂದ ಗೆರೆಗಳ ಅಗಲವನ್ನು ಗುರುತಿಸಿ, ಗಣಕಯಂತ್ರವು ಸಂಖ್ಯೆಯನ್ನು ತಿಳಿಯುತ್ತದೆ.

ಗ್ರಂಥಾಲಯದಲ್ಲಿ ಇದನ್ನು ಬಳಸುವ ಬಗೆ ಹೀಗೆ: ಪ್ರತಿಯೊಂದು ಸಂಚಿಕೆಗೂ ಸಂಪುಟಕ್ಕೂ ಒಂದೊಂದು ಬಾರ್‌ಕೋಡ್ ಚೀಟಿ ಅಂಟಿಸಿರುತ್ತದೆ. ಓದುಗರು ಓದಿದ ಸಂಚಿಕೆಯನ್ನು ಕಪಾಟಿಗೆ ಸೇರಿಸದೆ ಮೇಜಿನ ಮೇಲೆಯೇ ಬಿಡುತ್ತಾರೆ. ಸಿಬ್ಬಂದಿಯವರು ಆಗಾಗ ಅವನ್ನೆಲ್ಲ ಕೂಡಿಸಿ, ಚೀಟಿಗಳನ್ನು ಯಂತ್ರಕ್ಕೆ ತೋರಿಸಿ, ಬಳಿಕ ಸ್ವಸ್ಥಾನದಲ್ಲಿಡುತ್ತಾರೆ. ಓದಿದವರು ಯಾರೆಂಬುದನ್ನು ಬರೆದುಕೊಳ್ಳಬೇಕಾಗಿಯೇ ಇಲ್ಲ.

ಯಾವ ಮಾಪನಕ್ಕೂ ದೋಷವಿರುವಂತೆ ಇದಕ್ಕೂ ಇದೆ. ಒಂದೇ ಸಂಚಿಕೆಯನ್ನು ಮೂವರು ಒಬ್ಬರಾದ ಮೇಲೊಬ್ಬರು ಓದಿದರೂ ಎಣಿಕೆ ಒಂದೇ ಆಗಬಹುದು. ಬರಿದೆ ತೆರೆದು ಮುಚ್ಚಿದ ಸಂಚಿಕೆಯೂ ಓದಿದಂತೆಯೇ ಎಣಿಕೆಗೆ ಸೇರುತ್ತದೆ. ಅಂತರ್ಜಾಲದಲ್ಲಿ ಓದಿದ್ದು ಇಲ್ಲಿ ಕಾಣುವುದೇ ಇಲ್ಲ. ಪರೀಕ್ಷೆಯ ತಿಂಗಳನ್ನು ನೋಡಿ ಇಡೀ ವರ್ಷವನ್ನು ಅಳೆಯುವುದೂ ತಪ್ಪು.

ಇದಕ್ಕಿಂತ ದೊಡ್ಡದೊಂದು ಎಚ್ಚರಿಕೆಯೂ ಬೇಕು. ಬಟಾಣಿ ಗಿಡಗಳನ್ನು ಕುರಿತ ಮೆಂಡೆಲನ ಪ್ರಬಂಧ 1866ರಲ್ಲಿ ಬ್ರನ್ ನಗರದ ಒಂದು ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಅದರ ಮಹತ್ತ್ವ ವಿಜ್ಞಾನ ಲೋಕಕ್ಕೆ ಅರಿವಾದುದು 1900ರಲ್ಲಿ. ಎಣಿಕೆಯೊಂದನ್ನೇ ನಂಬಿದ ಗ್ರಂಥಪಾಲನು ಆ ಸಂಪುಟವನ್ನು ಎಂದೋ ಹೊರಗೆ ಹಾಕುತ್ತಿದ್ದನು! ಎಣಿಕೆಯು ಬಳಕೆಯನ್ನು ತಿಳಿಸುತ್ತದೆ, ಬೆಲೆಯನ್ನಲ್ಲ. ಆದುದರಿಂದ ಅದು ಅಧ್ಯಾಪಕರ ವಿವೇಚನೆಗೆ ನೆರವಾಗಬೇಕೇ ಹೊರತು ಅದರ ಸ್ಥಾನವನ್ನು ಆಕ್ರಮಿಸಬಾರದು.

ಗಣಿತದ ಅಧ್ಯಾಪಕರಾಗಿದ್ದು ಗ್ರಂಥಪಾಲರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಬಳಕೆಗೇ ಮೊದಲ ಸ್ಥಾನ. ಬಳಕೆಗೆ ಸಾಕ್ಷಿ ನೀಡಬಲ್ಲವರು ಓದುಗರೇ. ವಿದ್ಯಾರ್ಥಿ ಮಿತ್ರರೆ, ನಿಮ್ಮ ಗ್ರಂಥಾಲಯದಲ್ಲಿ ಈ ಏರ್ಪಾಡಿಲ್ಲದಿದ್ದರೆ ಅದನ್ನು ಕೇಳಿರಿ. ಇದ್ದರೆ, ಓದಿದ ಸಂಚಿಕೆಯನ್ನು ಮೇಜಿನ ಮೇಲೆಯೇ ಬಿಡಿರಿ. ಅಚ್ಚುಕಟ್ಟಿನ ಅಭಿಮಾನದಿಂದ ನೀವೇ ಅದನ್ನು ಕಪಾಟಿಗೆ ಸೇರಿಸಿದರೆ, ನಿಮಗೆ ಬೇಕಾದ ಪತ್ರಿಕೆಯೇ ಮುಂದಿನ ವರ್ಷ ಬಾರದೆ ಹೋದೀತು.