ಹಿಮಾಲಯದಲ್ಲಿ ಬೆಂಕಿಯ ಬೆಟ್ಟವೇಕಿಲ್ಲ?

ನಮ್ಮ ನಾಡಿನ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮವಿರುವುದನ್ನು ವಾಚಕರು ಬಲ್ಲರು. ಕಪ್ಪಗೆ, ನುಣ್ಣಗೆ, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದಾದ ಆ ಶಿಲೆ ನೇಪಾಳದ ಗಂಡಕೀ ನದಿಯದು. ಅದರೊಳಗೆ ಮೂಡಿರುವ ಸುರುಳಿಯನ್ನು ಭಕ್ತರು ವಿಷ್ಣುಚಕ್ರವೆಂದು ಪೂಜಿಸುತ್ತಾರೆ. ಅದೇ ಶಿಲೆಯನ್ನು ಭೂವಿಜ್ಞಾನಿಯ ಕೈಗಿತ್ತರೆ ಅವನು ‘ಅಮ್ಮೊನೈಟ್’ ಎನ್ನುತ್ತಾನೆ. ಎಂದರೆ, ಸುಮಾರು 15 ಕೋಟಿ ವರ್ಷಗಳ ಹಿಂದೆ ಕಡಲಿನಲ್ಲಿ ಈಜಾಡುತ್ತಿದ್ದು, ಈಗ ವಂಶವೇ ಅಳಿದುಹೋಗಿರುವ ಒಂದು ಪ್ರಾಣಿಯ ಚಿಪ್ಪಿನ ಅಚ್ಚು. ಈ ಎರಡು ಮಾತುಗಳಿಗೂ ಪರಸ್ಪರ ಜಗಳವಿಲ್ಲವೆಂದೇ ನನ್ನ ಭಾವನೆ. ಆದರೆ ಎರಡನೆಯ ಮಾತನ್ನು ಒಪ್ಪಿದೊಡನೆ ಒಂದು ಪ್ರಶ್ನೆ ಏಳುತ್ತದೆ: ಕಡಲಿನ ಪ್ರಾಣಿಗೆ ಹಿಮಾಲಯದ ಮಡಿಲಲ್ಲಿ ಏನು ಕೆಲಸ?

ಪ್ರಾಣಿ ಬೆಟ್ಟವನ್ನೇರಲಿಲ್ಲ, ಕಡಲಿನ ತಳವೇ ಎದ್ದು ಬೆಟ್ಟವಾಯಿತು. ಎವರೆಸ್ಟಿನ ತುತ್ತತುದಿಯಲ್ಲಿರುವ ಸುಣ್ಣದಕಲ್ಲಿನಲ್ಲಿಯೂ ಸಮುದ್ರಜೀವಿಗಳ ಚೂರುಗಳು ದೊರೆತಿವೆ.

ಇಲ್ಲಿಂದ ಮುಂದಿನ ಪ್ರಶ್ನೆ ಮಕ್ಕಳದು. ಶಾಲೆಯ ಪುಸ್ತಕದಲ್ಲಿ ಭೂಫಲಕಗಳ ಪಾಠವನ್ನೋದಿದ ಚುರುಕು ಹುಡುಗಿಯೊಬ್ಬಳು ತಂದೆಯನ್ನು ಹೀಗೆ ಕೇಳಬಹುದು: “ಫಲಕಗಳ ಅಂಚಿನಲ್ಲಿ ಭೂಕಂಪವೂ ಆಗುತ್ತದೆ, ಜ್ವಾಲಾಮುಖಿಯೂ ಇರುತ್ತದೆ ಎಂದು ಬರೆದಿದ್ದಾರಲ್ಲ ಅಪ್ಪಾ, ಹಿಮಾಲಯವೂ ಅಂಚೇ ತಾನೆ? ಅಲ್ಲಿ ಭೂಕಂಪಗಳು ಇಷ್ಟೊಂದಿರುವಾಗ ಜ್ವಾಲಾಮುಖಿ ಒಂದೂ ಇಲ್ಲವೇಕೆ?” ತಂದೆ ವೃತ್ತಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುವ ಮುನ್ನ ಈ ವಾರ ನಾವೇ ಉತ್ತರವನ್ನು ಹುಡುಕೋಣ. ಪ್ರಶ್ನೆ ಬಹಳ ಒಳ್ಳೆಯದು. ಪಾಠದಲ್ಲಿ ಒಂದೇ ವಾಕ್ಯದಲ್ಲಿ ಕಟ್ಟಿಹಾಕಿದ ಎರಡು ಸಂಗತಿಗಳನ್ನು ಅದು ಬಿಡಿಸಿ ನೋಡುತ್ತದೆ.

ಭೂಮಿಯ ಹೊರಗಿನ ಗಟ್ಟಿ ಕವಚ ಒಂದೇ ತುಂಡಲ್ಲ. ಸುಮಾರು ನೂರು ಕಿಲೋಮೀಟರ್ ದಪ್ಪದ ಈ ಕವಚ ಏಳು ದೊಡ್ಡ ಫಲಕಗಳಾಗಿಯೂ ಅನೇಕ ಚಿಕ್ಕ ಫಲಕಗಳಾಗಿಯೂ ಒಡೆದಿದೆ. ಕಾಯುತ್ತಿರುವ ಹಾಲಿನ ಮೇಲೆ ಕೆನೆ ತೇಲುವಂತೆ ಇವು ತೇಲುತ್ತವೆಂದು ಹೇಳುವ ವಾಡಿಕೆಯುಂಟು. ಹೋಲಿಕೆ ಅರ್ಧ ಮಾತ್ರ ಸರಿ. ಫಲಕಗಳ ಕೆಳಗಿರುವುದು ಹಾಲಿನಂಥ ದ್ರವವಲ್ಲ, ಬಂಡೆಯೇ. ಆದರೆ ಅತಿಯಾದ ಶಾಖದಲ್ಲಿ ಮೆದುವಾಗಿ, ಲಕ್ಷಾಂತರ ವರ್ಷಗಳ ಅವಧಿಯಲ್ಲಿ ಹರಿಯಬಲ್ಲ ಬಂಡೆ. ಅದರ ಮೇಲೆ ಫಲಕಗಳು ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಸರಿಯುತ್ತವೆ. ನಮ್ಮ ಬೆರಳಿನ ಉಗುರು ಬೆಳೆಯುವ ವೇಗವೂ ಸರಿಸುಮಾರು ಅಷ್ಟೇ.

ಖಂಡಗಳು ಚಲಿಸುತ್ತವೆಂದು ಜರ್ಮನಿಯ ಆಲ್ಫ್ರೆಡ್ ವೆಗೆನರ್ 1912ರಲ್ಲಿ ಸಾರಿದಾಗ ಪಂಡಿತರಲ್ಲಿ ಬಹುಮಂದಿ ನಕ್ಕರು. ಚಲಿಸುವುದೇನೋ ಸರಿ, ಚಲಿಸಲು ಬಲವೆಲ್ಲಿಂದ ಎಂಬ ಅವರ ಆಕ್ಷೇಪಣೆಗೆ ವೆಗೆನರನಲ್ಲಿ ತಕ್ಕ ಉತ್ತರವಿರಲಿಲ್ಲ. ಅವನು 1930ರಲ್ಲಿ ಗ್ರೀನ್‌ಲೆಂಡಿನ ಹಿಮದಲ್ಲಿ ತೀರಿಕೊಂಡ. ಉತ್ತರ ಸಿಕ್ಕಿದ್ದು ಮೂರು ದಶಕಗಳ ಮೇಲೆ, ನೆಲದಲ್ಲಲ್ಲ, ಕಡಲಿನ ತಳದಲ್ಲಿ. ಮೇರಿ ಥಾರ್ಪ್ ಎಂಬ ಅಮೆರಿಕದ ಮಹಿಳೆ ಅಟ್ಲಾಂಟಿಕ್ ಸಾಗರದಾಳದ ನಕ್ಷೆಯನ್ನು ಬರೆಯುತ್ತಿದ್ದಾಗ ನಡುಗಡಲಿನ ಪರ್ವತಶ್ರೇಣಿಯ ನೆತ್ತಿಯುದ್ದಕ್ಕೂ ಒಂದು ಬಿರುಕು ಕಣಿವೆ ಇರುವುದನ್ನು ಕಂಡಳು. ಆ ಬಿರುಕಿನಲ್ಲಿ ಕರಗಿದ ಶಿಲೆ ಮೇಲೆದ್ದು ಹೆಪ್ಪುಗಟ್ಟಿ ಹೊಸ ಕಡಲತಳವಾಗುತ್ತದೆಂದು ಹ್ಯಾರಿ ಹೆಸ್ 1962ರಲ್ಲಿ ವಾದಿಸಿದ. ತಳದ ಶಿಲೆಗಳಲ್ಲಿ ಉಳಿದಿರುವ ಕಾಂತಪಟ್ಟೆಗಳಿಂದ ವೈನ್ ಮತ್ತು ಮ್ಯಾಥ್ಯೂಸ್ ಮರುವರ್ಷವೇ ಅದಕ್ಕೆ ಆಧಾರವನ್ನು ತೋರಿಸಿದರು. ನಮ್ಮ ಅರಬ್ಬೀ ಸಮುದ್ರದ ದಕ್ಷಿಣಕ್ಕೂ ಇಂಥದೊಂದು ಶ್ರೇಣಿಯಿದೆ. ಅದರ ಹೆಸರು ಕಾರ್ಲ್ಸ್‌ಬರ್ಗ್. ಶೋಧನೆಯ ಹಡಗಿಗೆ ಹಣ ಕೊಟ್ಟದ್ದು ಬಿಯರ್ ಕಾರ್ಖಾನೆಯೊಂದರ ಧರ್ಮನಿಧಿಯಾದ್ದರಿಂದ ಬೆಟ್ಟಕ್ಕೆ ಆ ಹೆಸರಾಯಿತು!

ಹೊಸ ತಳ ಹುಟ್ಟುತ್ತಲೇ ಇದ್ದರೆ ಹಳೆಯದು ಎಲ್ಲಿಯಾದರೂ ಇಲ್ಲವಾಗಬೇಕಷ್ಟೆ. ಎರಡು ಫಲಕಗಳು ಎದುರುಬದುರಾಗಿ ಬರುವ ಕಡೆ, ಭಾರವಾದ ಕಡಲತಳ ಹಗುರವಾದ ಫಲಕದ ಅಡಿಗೆ ಬಾಗಿ ಇಳಿಯುತ್ತದೆ. ಕಟ್ಟೆಯ ಮೇಲೆ ಹರಡಿದ ಒದ್ದೆ ಸೀರೆಯ ಸೆರಗು ಅಂಚಿನಿಂದ ಕೆಳಗೆ ಜಾರಿದರೆ ಉಳಿದ ಸೀರೆಯನ್ನೂ ಎಳೆದುಕೊಳ್ಳುವಂತೆ, ಹೀಗೆ ಇಳಿಯುವ ಭಾಗವೇ ಇಡೀ ಫಲಕವನ್ನು ಎಳೆಯುತ್ತದೆ. ವೆಗೆನರನಿಗೆ ಸಿಕ್ಕದ ಬಲಗಳಲ್ಲಿ ಇದು ಮುಖ್ಯವಾದದ್ದು.

ಈಗ ಬೆಂಕಿಯ ಬೆಟ್ಟದ ಗುಟ್ಟಿಗೆ ಬರೋಣ. ಜ್ವಾಲಾಮುಖಿಗೆ ಬೇಕಾದದ್ದು ಬೆಂಕಿಯೆಂದು ನಾವೆಲ್ಲ ಎಣಿಸುತ್ತೇವೆ. ಇಂಥ ಅಂಚುಗಳಲ್ಲಿ ಅದಕ್ಕೆ ಬೇಕಾದದ್ದು ನೀರು. ಕೋಟ್ಯಂತರ ವರ್ಷ ಸಮುದ್ರದಡಿ ಇದ್ದ ಕಡಲತಳದ ಶಿಲೆ ನೀರನ್ನು ತನ್ನ ಖನಿಜಗಳೊಳಗೇ ಸೇರಿಸಿಕೊಂಡಿರುತ್ತದೆ. ಸುಮಾರು ನೂರು ಕಿಲೋಮೀಟರ್ ಆಳಕ್ಕಿಳಿದಾಗ ಅಲ್ಲಿಯ ಒತ್ತಡಕ್ಕೂ ಶಾಖಕ್ಕೂ ಆ ನೀರು ಬಿಡುಗಡೆಯಾಗಿ ಮೇಲಿನ ಬಿಸಿ ಬಂಡೆಯನ್ನು ಹೊಗುತ್ತದೆ. ಮಂಜುಗಡ್ಡೆಗೆ ಉಪ್ಪು ಸೇರಿದರೆ ಅದು ಕಡಮೆ ಶಾಖದಲ್ಲಿಯೇ ಕರಗುವಂತೆ, ನೀರು ಸೇರಿದ ಬಂಡೆಯೂ ಕಡಮೆ ಶಾಖದಲ್ಲಿಯೇ ಕರಗುತ್ತದೆ. ಹಾಗೆ ಕರಗಿದ ಶಿಲಾರಸ ಮೇಲೇರಿ ಜ್ವಾಲಾಮುಖಿಯಾಗುತ್ತದೆ. ಜಾವಾ, ಸುಮಾತ್ರಾ ದ್ವೀಪಗಳ ಬೆನ್ನೆಲುಬಿನಂತಿರುವ ಅಗ್ನಿಪರ್ವತಗಳ ಸಾಲು ಹುಟ್ಟಿದ್ದು ಹೀಗೆ. 1883ರಲ್ಲಿ ಸಿಡಿದು, ಕಡಲಲೆಗಳನ್ನೆಬ್ಬಿಸಿ 36,000ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡ ಕ್ರಾಕಟೋವಾ ಅದೇ ಸಾಲಿನದು.

ಆ ಸಾಲಿನ ಬಾಲ ನಮ್ಮ ದೇಶದೊಳಕ್ಕೂ ಚಾಚಿದೆ. ಪೋರ್ಟ್‌ಬ್ಲೇರಿನ ಈಶಾನ್ಯಕ್ಕೆ ಸುಮಾರು 135 ಕಿಲೋಮೀಟರ್ ದೂರದಲ್ಲಿ, ಅಂಡಮಾನ್ ಸಮುದ್ರದ ನಡುವೆ ಬ್ಯಾರನ್ ದ್ವೀಪವಿದೆ. ಭಾರತದಲ್ಲಿ ಈಗಲೂ ಉರಿಯುಗುಳುವ ಜ್ವಾಲಾಮುಖಿ ಇದೊಂದೇ. 1787ರಲ್ಲಿ ಇದು ಉರಿಯುತ್ತಿದ್ದುದನ್ನು ಕಂಡವರು ಬರೆದಿಟ್ಟಿದ್ದಾರೆ. ಆಮೇಲೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಕುಂಭಕರ್ಣನಂತೆ ಮಲಗಿ, 1991ರಲ್ಲಿ ಎದ್ದಿತು. ಮತ್ತೆ ಹಲವು ಸಲ ಉರಿಯನ್ನುಗುಳಿದೆ. ಮನುಷ್ಯವಾಸವಿಲ್ಲದ ದ್ವೀಪವಾದ್ದರಿಂದ ಅದರ ಕೋಪಕ್ಕೆ ಯಾರೂ ಈಡಾಗಲಿಲ್ಲ.

ಅದೇ ಅಂಚಿನ ಭೂಕಂಪ ಮಾತ್ರ ಹಾಗೆ ಬಿಡಲಿಲ್ಲ. ಮಳೆಗಾಲದಲ್ಲಿ ಉಬ್ಬಿ ಬಿಗಿದುಕೊಂಡ ಬಾಗಿಲನ್ನು ತಳ್ಳುತ್ತಾ ಹೋದರೆ ಮೊದಲು ಅಲುಗುವುದೇ ಇಲ್ಲ. ಕೊನೆಗೊಮ್ಮೆ ಥಟ್ಟನೆ ತೆರೆದುಕೊಂಡು ಪಕ್ಕದ ಕಿಟಕಿಯ ಗಾಜುಗಳನ್ನೂ ಅದುರಿಸುತ್ತದೆ. ಫಲಕಗಳ ಅಂಚೂ ಹೀಗೆಯೇ. 2004ರ ಡಿಸೆಂಬರ್ 26ರ ಬೆಳಗ್ಗೆ ಸುಮಾತ್ರಾದಿಂದ ಅಂಡಮಾನಿನವರೆಗೆ ಸುಮಾರು 1,300 ಕಿಲೋಮೀಟರ್ ಉದ್ದದ ಅಂಚು ಕೆಲವೇ ನಿಮಿಷಗಳಲ್ಲಿ ಬಿಟ್ಟುಕೊಂಡಿತು. ಪರಿಮಾಣ 9.1ರ ಆ ಕಂಪನದಿಂದೆದ್ದ ಸುನಾಮಿಗೆ ಅನೇಕ ದೇಶಗಳಲ್ಲಿ ಒಟ್ಟು ಎರಡು ಲಕ್ಷಕ್ಕೂ ಮೀರಿ ಜನ ಪ್ರಾಣ ತೆತ್ತರು. ಭೂಪಟವೂ ಬದಲಾಯಿತು: ನಮ್ಮ ದೇಶದ ದಕ್ಷಿಣ ತುದಿಯಾದ ಇಂದಿರಾ ಪಾಯಿಂಟಿನ ನೆಲ ನಾಲ್ಕು ಮೀಟರಿಗೂ ಹೆಚ್ಚು ಕುಸಿದು ಅಲ್ಲಿಯ ದೀಪಸ್ತಂಭದ ಬುಡ ನೀರಿನಲ್ಲಿ ನಿಂತಿತು. ಅಂಡಮಾನಿನ ಉತ್ತರ, ಪಶ್ಚಿಮ ತೀರಗಳಲ್ಲಿಯೋ ಹವಳದ ದಿಬ್ಬಗಳು ನೀರಿನಿಂದ ಮೇಲೆದ್ದು ಬಿಸಿಲಿನಲ್ಲಿ ಒಣಗಿದವು.

ಹಿಮಾಲಯದ ಕತೆ ಬೇರೆ. ಗೊಂಡವಾನಾ ಎಂಬ ಮಹಾಖಂಡದಿಂದ ಸಿಡಿದುಬಂದ ಭಾರತ ಉತ್ತರಾಭಿಮುಖವಾಗಿ ಹೊರಟು, ಒಂದು ಕಾಲದಲ್ಲಿ ವರ್ಷಕ್ಕೆ ಸುಮಾರು 15 ಸೆಂಟಿಮೀಟರ್ ವೇಗದಲ್ಲಿ ಸಾಗಿತು. ಫಲಕಗಳ ಲೆಕ್ಕದಲ್ಲಿ ಇದು ನಾಗಾಲೋಟವೇ ಸರಿ. ನಡುವಿದ್ದ ಟೆಥಿಸ್ ಸಮುದ್ರದ ತಳ ಏಷ್ಯದ ಅಡಿಗೆ ಇಳಿಯುತ್ತಿದ್ದಾಗ ಅಲ್ಲಿಯೂ ಜಾವಾದಂತೆಯೇ ಜ್ವಾಲಾಮುಖಿಗಳ ಸಾಲು ಇದ್ದಿತು! ಅವುಗಳ ಒಡಲಲ್ಲಿ ಹೆಪ್ಪುಗಟ್ಟಿದ ಗ್ರಾನೈಟ್ ಶಿಲೆಯನ್ನು ಇಂದಿಗೂ ಲಡಾಖಿನಲ್ಲಿ ಲೇಹ್ ಪಟ್ಟಣದ ಸುತ್ತ ಕಾಣಬಹುದು. ಮೇಲಿನ ಬೆಟ್ಟಗಳು ಸವೆದುಹೋಗಿ ಬೇರು ಮಾತ್ರ ಉಳಿದಿದೆ. ಸುಮಾರು 5 ಕೋಟಿ ವರ್ಷಗಳ ಹಿಂದೆ ಸಮುದ್ರ ಮುಗಿಯಿತು, ಖಂಡಕ್ಕೆ ಖಂಡ ತಾಗಿತು. ಖಂಡದ ಶಿಲೆ ಹಗುರ; ಕಡಲತಳದಂತೆ ಅದು ಆಳಕ್ಕೆ ಮುಳುಗಲಾರದು. ಸೊಕ್ಕಿದ ಎರಡು ಟಗರುಗಳಂತೆ ಎರಡೂ ಹಣೆಯೊತ್ತಿ ನಿಂತವು. ನೆಲ ಮಡಿಕೆ ಮಡಿಕೆಯಾಗಿ ಮೇಲೆದ್ದಿತು. ಟಿಬೆಟ್ಟಿನ ಅಡಿಯಲ್ಲಿ ಭೂತೊಗಟೆ ಸುಮಾರು 70 ಕಿಲೋಮೀಟರಿನಷ್ಟು, ಎಂದರೆ ಸಾಮಾನ್ಯ ದಪ್ಪಕ್ಕೆ ಎರಡರಷ್ಟು, ದಪ್ಪವಾಯಿತು. ನೀರು ಹೊತ್ತ ಕಡಲತಳ ಇಳಿಯುವುದು ನಿಂತ ಮೇಲೆ ಅಷ್ಟು ಆಳದಲ್ಲಿ ಬಂಡೆಯನ್ನು ಕರಗಿಸುವವರಾರು? ಜ್ವಾಲಾಮುಖಿಗಳು ಆರಿದವು. ಹುಡುಗಿಯ ಪ್ರಶ್ನೆಗೆ ಉತ್ತರವಿಷ್ಟೇ.

ಬೆಂಕಿ ಆರಿತು, ತಳ್ಳಾಟ ಆರಲಿಲ್ಲ. ಭಾರತ ಇಂದಿಗೂ ಉತ್ತರಕ್ಕೆ ಸರಿಯುತ್ತಲೇ ಇದೆ; ಅದರಲ್ಲಿ ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರಿನಷ್ಟು ಹಿಮಾಲಯದ ಪಾಲಿಗೆ ಬರುತ್ತದೆ. 1905ರಲ್ಲಿ ಕಾಂಗ್ಡಾ, 1934ರಲ್ಲಿ ಬಿಹಾರ ಮತ್ತು ನೇಪಾಳ, 1950ರಲ್ಲಿ ಅಸ್ಸಾಂ, 2015ರಲ್ಲಿ ಮತ್ತೆ ನೇಪಾಳ, ಹೀಗೆ ಲೆಕ್ಕ ಚುಕ್ತಾ ಆಗುತ್ತ ಬಂದಿದೆ. 1950ರದು ಆಗಸ್ಟ್ 15ರ ಸಂಜೆ, ಸ್ವಾತಂತ್ರ್ಯ ದಿನದ ಸಂಭ್ರಮ ಮುಗಿಯುವ ವೇಳೆಗೆ ಬಂತು. ಪರಿಮಾಣ 8.6. ಗುಡ್ಡಗಳು ಕುಸಿದು ಸುಬನ್‌ಸಿರಿ ನದಿಗೆ ಅಡ್ಡಕಟ್ಟೆಯಾಗಿ ನಿಂತು, ಕೆಲವು ದಿನಗಳ ಮೇಲೆ ಆ ಕಟ್ಟೆ ಒಡೆದು ಕೆಳಗಿನ ಊರುಗಳನ್ನು ಕೊಚ್ಚಿತು. ಹೂಳಿನಿಂದ ಬ್ರಹ್ಮಪುತ್ರದ ಪಾತ್ರವೇ ಏರಿತು. 2015ರಲ್ಲಿ ಕಠ್ಮಂಡುವಿನ ಕಣಿವೆ ಒಂದು ಮೀಟರಿನಷ್ಟು ಮೇಲೆದ್ದರೆ, ಉತ್ತರದ ಕೆಲವು ಹಿಮಶಿಖರಗಳು ಅರ್ಧ ಮೀಟರಿಗೂ ಹೆಚ್ಚು ತಗ್ಗಿದವು. ಭೂಕಂಪವಾದಾಗಲೆಲ್ಲ ಹಿಮಾಲಯ ಎತ್ತರವಾಗುತ್ತದೆಂಬ ಮಾತನ್ನು ಹಾಗೆಯೇ ನಂಬಬಾರದು.

ಚಿಂತೆಯ ಸಂಗತಿ ಲೆಕ್ಕ ಬಾಕಿಯಿರುವ ಜಾಗದ್ದು. ಪಶ್ಚಿಮ ನೇಪಾಳ ಮತ್ತು ಅದಕ್ಕೆ ಹೊಂದಿದ ಗಡಿನಾಡಿನಲ್ಲಿ ಪರಿಮಾಣ 8ನ್ನು ಮೀರಿದ ಮಹಾಕಂಪನವಾಗಿ 500 ವರ್ಷ ಕಳೆದವು, ಕಡೆಯದು 1505ರಲ್ಲಿ. ವರ್ಷಕ್ಕೆರಡು ಸೆಂಟಿಮೀಟರಿನಂತೆ ಕೂಡಿಸಿದರೆ ಹತ್ತು ಮೀಟರ್ ಜಾರುವಷ್ಟು ಬಿಗುಪು ಅಲ್ಲಿ ಸಂಚಯವಾಗಿರಬಹುದು. ಯಾವ ದಿನ ಬಿಟ್ಟುಕೊಳ್ಳುತ್ತದೆಂದು ಹೇಳಬಲ್ಲ ವಿಜ್ಞಾನ ಇನ್ನೂ ಹುಟ್ಟಿಲ್ಲ. ದಿನಾಂಕ ಹೇಳುವ ಜ್ಯೋತಿಷಿಗಳಿಗೇನೂ ಕೊರತೆಯಿಲ್ಲ. ಅವರನ್ನು ಅವರ ಪಾಡಿಗೆ ಬಿಡೋಣ.

“ನಮಗೇನು, ನಾವು ಅಂಚಿನಿಂದ ದೂರ” ಎಂದು ಕನ್ನಡಿಗರು ನಿಟ್ಟುಸಿರಿಡಬಹುದು. ಲಾಲ್‌ಬಾಗಿನ ಬಂಡೆ 300 ಕೋಟಿ ವರ್ಷ ಹಳೆಯದು, ಫಲಕದ ಗಟ್ಟಿ ನಡುಭಾಗ, ಇದೆಲ್ಲ ನಿಜ. ನಮ್ಮಲ್ಲಿಯೂ ಬೆಂಕಿಯ ಕುರುಹುಗಳಿವೆ: ಮಲ್ಪೆಯೆದುರಿನ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳು ಮಡಗಾಸ್ಕರ್ ನಮ್ಮಿಂದ ಅಗಲಿದ ಕಾಲದವು, ಸುಮಾರು 9 ಕೋಟಿ ವರ್ಷ ಹಿಂದಿನವು, ವಿಜಯಪುರ, ಕಲಬುರಗಿ ಸೀಮೆಯ ಎರೆಮಣ್ಣು ಸುಮಾರು 6.6 ಕೋಟಿ ವರ್ಷ ಹಿಂದೆ ದಖ್ಖನಿನ ಮೇಲೆ ಹರಿದ ಶಿಲಾರಸದ ಕೊಡುಗೆ. ಆದರೆ ಬೆಂಕಿ ಆರಿದ ನೆಲವೆಲ್ಲ ನಿಶ್ಚಲವಲ್ಲ. ಹಿಮಾಲಯದಲ್ಲಿ ತಲೆ ಒತ್ತಿದರೆ ಅದರ ಒತ್ತಡ ಮೈಯೆಲ್ಲ ಹರಡುತ್ತದೆ. ಹಳೆಯ ಬಿರುಕುಗಳು ಎಲ್ಲಿ ಸಿಕ್ಕರೆ ಅಲ್ಲಿ ಅಲುಗುತ್ತವೆ. 1819ರಲ್ಲಿ ಕಚ್ಛದ ಬಯಲಿನಲ್ಲಿ ಭೂಕಂಪವಾಗಿ ಹತ್ತಾರು ಕಿಲೋಮೀಟರ್ ಉದ್ದದ ದಿಬ್ಬವೊಂದು ಮೇಲೆದ್ದಿತು. ಮನುಷ್ಯರು ಕಟ್ಟಿದ್ದಲ್ಲವೆಂದು ಜನ ಅದನ್ನು ‘ಅಲ್ಲಾ ಬಂದ್’, ದೇವರು ಕಟ್ಟಿದ ಕಟ್ಟೆ, ಎಂದು ಕರೆದರು. 2001ರ ಗಣರಾಜ್ಯೋತ್ಸವದ ಬೆಳಗ್ಗೆ ಅದೇ ಕಚ್ಛ ಮತ್ತೆ ನಡುಗಿತು.

ನಮ್ಮ ಗಡಿಗೆ ಇನ್ನೂ ಹತ್ತಿರದ್ದು ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ಬಿಟ್ಟುಬಂದು ಜನ ಮಲಗಿದ್ದ ಹೊತ್ತು, ಲಾತೂರು ಜಿಲ್ಲೆಯ ಆ ಊರಿನ ನೆಲ ಅಲುಗಿತು. ಬೀದರ್, ಕಲಬುರಗಿಗಳೂ ಕಂಪಿಸಿದವು. ಪರಿಮಾಣ 6.2 ಮಾತ್ರ, ಸತ್ತವರು ಸುಮಾರು 10,000. ಅಲ್ಲಿಯ ಮನೆಗಳ ಗೋಡೆಗಳನ್ನು ದಪ್ಪ ಕಲ್ಲುಗಳಿಂದ ಕಟ್ಟಿ ನಡುವೆ ಬರಿಯ ಮಣ್ಣು ಮೆತ್ತಿದ್ದರು. ಮೇಲೆ ಬಿಸಿಲಿಗೆ ತಂಪಾಗಲೆಂದು ಭಾರವಾದ ಮಣ್ಣಿನ ಮಾಳಿಗೆ. ಗೋಡೆ ಬಿಚ್ಚಿಕೊಂಡಿತು, ಮಾಳಿಗೆ ಮಲಗಿದ್ದವರ ಮೇಲೆ ಬಿತ್ತು. ಹಿಮಾಚಲದ ಹಳೆಯ ಮನೆಗಳಲ್ಲಿ ಕಲ್ಲಿನ ಸಾಲುಗಳ ನಡುವೆ ದೇವದಾರು ಮರದ ತೊಲೆಗಳನ್ನು ಹೆಣೆದಿರುತ್ತಾರೆ; ಅಸ್ಸಾಮಿನವರು 1897ರ ಮಹಾಕಂಪನದ ಮೇಲೆ ಮರದ ಚೌಕಟ್ಟು, ಬಿದಿರು ಜೊಂಡಿನ ಗೋಡೆ, ತಗಡಿನ ಮಾಡು ಎಂದು ಹಗುರವಾದ ಮನೆಗಳಿಗೆ ತಿರುಗಿದರು. ಈ ಮನೆಗಳು ಅಲುಗುತ್ತವೆ, ಕಿರುಗುಟ್ಟುತ್ತವೆ, ಸುಲಭವಾಗಿ ಬೀಳುವುದಿಲ್ಲ. ಈಗ ಇಲ್ಲಿಯೂ ಅವುಗಳ ಜಾಗದಲ್ಲಿ ಕಾಂಕ್ರೀಟಿನ ಮಹಡಿಗಳೇಳುತ್ತಿವೆ. ಕಾಂಕ್ರೀಟಿನದೇ ತಪ್ಪೆನ್ನಲಾಗದು. ಕಂಬವೂ ತೊಲೆಯೂ ಕೂಡುವೆಡೆಯಲ್ಲಿ ಕಬ್ಬಿಣದ ಬಳೆಗಳನ್ನು ಒತ್ತೊತ್ತಾಗಿ ಕಟ್ಟಿದ್ದಾರೆಯೆ, ಕೆಳಗೆ ಕಾರು ನಿಲ್ಲಿಸಲೆಂದು ಗೋಡೆಯಿಲ್ಲದೆ ಬರಿಯ ಕಂಬಗಳ ಮೇಲೆ ಇಡೀ ಮನೆಯನ್ನು ನಿಲ್ಲಿಸಿದ್ದಾರೆಯೆ ಎಂಬುದನ್ನು ಮನೆ ಕಟ್ಟಿಸುವವರು ಮೇಸ್ತ್ರಿಯನ್ನೂ ಇಂಜಿನಿಯರನ್ನೂ ಗಾರೆ ಮುಚ್ಚುವ ಮೊದಲೇ ಕೇಳಿ ತಿಳಿಯಬೇಕು.