ಕುರುಳಿನ ಮೇಲೆ ಕಾದ ಕಬ್ಬಿಣ

ದೊಡ್ಡ ಶಹರಗಳಲ್ಲಿ ಮೊದಲಾದ ಒಂದು ವ್ಯಾಪಾರವು ಇತ್ತಿತ್ತಲಾಗಿ ತಾಲೂಕು ಪೇಟೆಗಳಲ್ಲಿಯೂ ಬೇರೂರಹತ್ತಿದೆ. ಹುಟ್ಟುಗುಂಗುರಾದ ಕೂದಲನ್ನು ಕಾದ ಪಟ್ಟಿಯಿಂದಲೂ ರಸಾಯನದಿಂದಲೂ ನೆಟ್ಟಗೆ ಮಾಡಿಕೊಡುವುದೇ ಆ ವ್ಯಾಪಾರ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸುಶಿಕ್ಷಿತ ಮನೆತನಗಳೂ ಈ ಮೋಹಕ್ಕೆ ಹೊರತಾಗಿಲ್ಲ. ಕನ್ಯೆಯ ವಿದ್ಯೆಯನ್ನೂ ಗುಣವನ್ನೂ ವಿಚಾರಿಸುವ ಮೊದಲೇ ಅವಳ ತಲೆಯ ಕಡೆಗೆ ನೋಡಿ, “ಕೂದಲೊಂದು ನೆಟ್ಟಗಿದ್ದರೆ!” ಎಂದು ಉಸಿರುಗರೆಯುವ ಹಿರಿಯರಿಗೆ ಕೊರತೆಯಿಲ್ಲ. ಪೇಟೆಯವನು ಮಾರುವುದು ರಸಾಯನವನ್ನು. ಆದರೆ ಅದಕ್ಕೆ ಗಿರಾಕಿಯನ್ನು ಹುಟ್ಟಿಸುವುದು ಮನೆಯ ಈ ಉಸಿರು.

ಗುಂಗುರು ಒಂದು ರೋಗವೇ, ದೋಷವೇ? ಎರಡೂ ಅಲ್ಲ. ತೊಗಲೊಳಗೆ ಕೂದಲು ಮೂಡುವ ಕುಳಿಯು ಬಾಗಿದ್ದರೆ ಅಲ್ಲಿಂದ ಹೊರಡುವ ಎಳೆಯೂ ಸುರುಳಿಗೊಳ್ಳುತ್ತದೆ. ತಾಯಿತಂದೆಗಳಿಂದ ಬಂದ ಬಳುವಳಿಯದು. ನೆತ್ತಿಯಲ್ಲಿ ಒಸರುವ ಸಹಜವಾದ ಜಿಡ್ಡು ನೆಟ್ಟಗಿನ ಎಳೆಯ ಮೇಲೆ ಸುಲಭವಾಗಿ ಇಳಿದಂತೆ ಸುರುಳಿಯ ಮೇಲೆ ಇಳಿಯಲಾರದು. ಆದಕಾರಣ ಅದರ ತುದಿಗಳು ಒಣಗುತ್ತವೆ, ಬೇಗನೆ ಸಿಕ್ಕುಗೊಳ್ಳುತ್ತವೆ. ಜನರು ‘ಒರಟು ಕೂದಲು’ ಎಂದು ಹಳಿಯುವುದು ಬಹಳ ಮಾಡಿ ಈ ಶುಷ್ಕತೆಯನ್ನೇ. ಶುಷ್ಕತೆಗೆ ಬೇಕಾದದ್ದು ಸ್ನಿಗ್ಧತೆಯೇ ಹೊರತು ಬೆಂಕಿಯಲ್ಲ.

ಇನ್ನು ಸೌಂದರ್ಯದ ಮಾತು. ಈ ಸೀಮೆಯು ಪ್ರಾಚೀನ ಕುಂತಲದೇಶದ ಭಾಗ; ಕಲ್ಯಾಣದ ಚಾಲುಕ್ಯರು ಕುಂತಲೇಶ್ವರರೆನಿಸಿದ್ದರು. ಕೇಶಕ್ಕೂ ನಾಡಿಗೂ ಇಲ್ಲಿ ಒಂದೇ ಶಬ್ದ. ಕನ್ನಡ ಕವಿಗಳು ಮುಂಗುರುಳನ್ನು ಕೊಂಡಾಡಿ ದಣಿದವರಲ್ಲ. ಕ್ರಿ. ಶ. 981ರ ಸುಮಾರಿಗೆ ಶ್ರವಣಬೆಳಗೊಳದಲ್ಲಿ ನಿಂತ ಸುಮಾರು 58 ಅಡಿ ಎತ್ತರದ ಗೊಮ್ಮಟನ ಶಿರಸ್ಸನ್ನು ನೋಡಿದವರು ಬಲ್ಲರು: ಕಲ್ಲಿನಲ್ಲಿ ಸಾಲುಸಾಲಾಗಿ ಕಂಡರಿಸಿದ ಗುಂಗುರುಗಳು! ಸಾವಿರ ವರ್ಷ ಕೈಮುಗಿದ ರೂಪವನ್ನು ಸ್ವಂತ ಮಗಳ ತಲೆಯ ಮೇಲೆ ಕಂಡಾಗ ಮಾತ್ರ ಕುರೂಪವೆನ್ನುವುದು ಯಾವ ರಸಿಕತೆ?

“ಇದು ಅವರವರ ಇಚ್ಛೆ, ನಿಮಗೇಕೆ?” ಎಂದು ಕೆಲವರು ಕೇಳುವರು. ಪ್ರಾಯಕ್ಕೆ ಬಂದವರು ತಿಳಿದು ಮಾಡಿದರೆ ಅಡ್ಡಿಯಿಲ್ಲ. ಆದರೆ ಚಿಕ್ಕಂದಿನಿಂದ ‘ಗುಬ್ಬಿಗೂಡು’ ಎಂಬ ಚೇಷ್ಟೆಯನ್ನು ಕೇಳಿ ಬೆಳೆದ ಹುಡುಗಿಯ ಇಚ್ಛೆಯನ್ನು ಇಚ್ಛೆಯೆನ್ನಬಹುದೇ? ತಿಳಿದು ಮಾಡುವುದೆಂದರೂ ಏನನ್ನು ತಿಳಿಯಬೇಕು? ಪಟ್ಟಿಯ ಕಾವು 200 ಡಿಗ್ರಿಯವರೆಗೂ ಏರುವುದೆಂಬುದನ್ನು. ನೆಟ್ಟಗೆ ಮಾಡುವ ಕೆಲವು ದ್ರವಗಳು ಆ ಕಾವಿಗೆ ಫಾರ್ಮಾಲ್ಡಿಹೈಡ್ ಅನಿಲವನ್ನು ಹೊರಸೂಸುವವೆಂಬುದನ್ನು. ಅದು ಮನುಷ್ಯರಲ್ಲಿ ಅರ್ಬುದ ರೋಗಕ್ಕೆ ಕಾರಣವಾಗುವುದೆಂದು ಜಾಗತಿಕ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಮಂಡಲವು 2004ರಲ್ಲಿಯೇ ನಿರ್ಣಯಿಸಿದುದನ್ನು. ಇಷ್ಟಾಗಿಯೂ ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಹೊಸ ಕೂದಲು ಬುಡದಿಂದ ಮತ್ತೆ ಗುಂಗುರಾಗಿಯೇ ಬರುವುದು. ಸೋಲು ನಿಶ್ಚಿತವಾದ ಕಾಳಗಕ್ಕೆ ಹಣವನ್ನೂ ಆರೋಗ್ಯವನ್ನೂ ಸುರಿಯುವುದು ಜಾಣತನವಲ್ಲ.

ಈ ಅಜ್ಞಾನಕ್ಕೆ ಇನ್ನೊಂದು, ಹೆಚ್ಚು ದಾರುಣವಾದ ಮುಖವಿದೆ. ಇದೇ ಜಿಲ್ಲೆಯಲ್ಲಿ, ಆರೈಕೆಯಿಲ್ಲದೆ ಸಿಕ್ಕುಗಟ್ಟಿದ ಕೂದಲನ್ನು ‘ಜಡೆ’ಯೆಂದು ಕರೆದು, ಸವದತ್ತಿಯ ಎಲ್ಲಮ್ಮನೇ ಹುಡುಗಿಯನ್ನು ಕೇಳಿದಳೆಂದು ನಂಬಿ, ಬಡವರ ಮಕ್ಕಳಿಗೆ ಮುತ್ತು ಕಟ್ಟಿದ ಕಾಲವಿತ್ತು. ದೇವಿಯ ಭಕ್ತಿಗೂ ಎಣ್ಣೆ ಬಾಚಣಿಗೆ ಕಾಣದ ತಲೆಗೂ ಏನು ಸಂಬಂಧ? ಮುಂಬಯಿ ಪ್ರಾಂತದಲ್ಲಿ 1934ರಲ್ಲಿ, ಕರ್ನಾಟಕದಲ್ಲಿ 1982ರಲ್ಲಿ ಇದನ್ನು ನಿಷೇಧಿಸಿ ಕಾಯಿದೆಗಳಾದವು. ಕಾಯಿದೆಯು ತಲುಪದ ಮನೆಗಳನ್ನು ತಲುಪಿದವರು, ಘಟಪ್ರಭೆಯಲ್ಲಿ ನೆಲೆಗೊಂಡ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ಯ ಮಾಜಿ ದೇವದಾಸಿಯರು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಿತು.

ಜಡೆಗೆ ಅಂಜಿದ ಬಡವರನ್ನು ಮೂಢರೆಂದು ಮರುಗುವ ಸುಶಿಕ್ಷಿತರು ತುಸು ವಿಚಾರಿಸಲಿ. ಒಬ್ಬರು ಕೂದಲಿನ ಸಹಜಸ್ವಭಾವವನ್ನು ಅರಿಯದೆ ಅದನ್ನು ದೈವಾಜ್ಞೆಯೆಂದರು. ಇನ್ನೊಬ್ಬರು ಅದನ್ನರಿಯದೆ ಅಪಲಕ್ಷಣವೆನ್ನುತ್ತಾರೆ. ಎರಡೂ ಕಡೆಯಲ್ಲಿ ದಂಡ ತೆರುವವಳು ಹೆಣ್ಣುಮಗಳೇ. ದಂಡಗಳು ಸಮವಲ್ಲ, ನಿಜ. ಮೊದಲನೆಯದು ಜೀವಮಾನವನ್ನೇ ನುಂಗಿತು. ಆದರೆ ಬೇರು ಒಂದೇ.

ಪರಿಹಾರವು ಮನೆಯಲ್ಲಿಯೇ ಇದೆ. ಒಣಗಿದ ಗುಂಗುರನ್ನು ಬಾಚಿ ಕೀಳದೆ, ತೊಯ್ದಿರುವಾಗ ಅಗಲ ಹಲ್ಲಿನ ಹಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಬೇಕು. ಕಾರವಾದ ಸಾಬೂನನ್ನು ಬಿಟ್ಟು, ಮಿತವಾಗಿ ಎಣ್ಣೆಯನ್ನು ಬಳಸಬೇಕು. ಇದಕ್ಕೆ ತಾಳ್ಮೆ ಬೇಕು, ದುಡ್ಡಲ್ಲ. 1885ರಲ್ಲಿ ಸ್ಥಾಪಿತವಾದ ಗೋಕಾಕದ ಗಿರಣಿಯು ಹತ್ತಿಯನ್ನು ನೂತು ಹೆಸರಾಯಿತು. ಹತ್ತಿಯ ಎಳೆಯಲ್ಲಿ ಸಹಜವಾದ ತಿರುವುಗಳಿರುವುದರಿಂದಲೇ ಒಂದು ಎಳೆಯು ಇನ್ನೊಂದನ್ನು ಹಿಡಿದು ನೂಲಾಗುತ್ತದೆ. ಎಳೆಯ ತಿರುವನ್ನು ಅರಿತು ಬಾಳಿದ ನಾಡಿನ ತಾಯಂದಿರಿಗೆ ಮಗಳ ಕುರುಳು ಭಾರವಾಗಬೇಕೇ? ಕಬ್ಬಿಣವನ್ನು ಕಾಯಿಸುವ ಮೊದಲು ಹಿರಿಯರು ತಮ್ಮ ನಾಲಿಗೆಯನ್ನು ತಣ್ಣಗಿಡಲಿ.